ಹಾಳೆ ಹದಿನಾಲ್ಕು

ಹೊಗೆ ಹೆಚ್ಚಾಗಿದೆಯೆಂದು ಶಾಲೆಗೆ ರಜೆ.
ತೆಮೂಲೆನ್ ಮನೆಯಲ್ಲಿದ್ದರೆ ನನ್ನ ಕಚೇರಿಯೂ ಮನೆಯಲ್ಲೇ.
ನಿನ್ನೆ ಸಂಜೆ ಉಲಾನ್‌ಬಾತರಿನ ಕಿಕ್ಕಿರಿದ ಬಸ್ಸಿನಲ್ಲಿ
ಕೈಗವಸಿನೊಳಗೆ ಪೆನ್‌ಡ್ರೈವ್ ಬಿಗಿಹಿಡಿದು ಬಂದೆ:
ಊರಿನ ಉತ್ತರಕ್ಕೆ ಬಿಸಿನೀರು ಒಯ್ಯುವ ಕೊಳವೆ,
ಹನ್ನೊಂದು ಕಿಲೋಮೀಟರು,
ತಿರುವು, ಬೆಸುಗೆ, ಆಳು ಇಳಿಯುವ ಗುಂಡಿ ಸಮೇತ
ಹೆಬ್ಬೆರಳ ಮರೆಗೆ ಅಡಗಿತ್ತು.

ಬೆಳಗಿನ ಐದಕ್ಕೆ ಒಲೆ ಹಚ್ಚಿದೆ.
ಮೈನಸ್ ಮೂವತ್ತೊಂದರಲ್ಲಿ ಕಲ್ಲಿದ್ದಲ ಉಂಡೆಯೂ
ಲ್ಯಾಪ್‌ಟಾಪೂ ಒಂದೇ ಜಾತಿ,
ಗೊಣಗದೆ ಏಳುವುದಿಲ್ಲ.
ಗೆರ್ ದುಂಡಗಿದೆ, ಉಣ್ಣೆಗಂಬಳಿಯ ಗೋಡೆಗೆ ಮೂಲೆಯಿಲ್ಲ,
ಮೇಜು ಚೌಕ.
ಎಲ್ಲಿ ಒತ್ತಿಟ್ಟರೂ ಹಿಂದೊಂದು ಸಂದು ಉಳಿಯುತ್ತದೆ,
ಅಲ್ಲಿ ಬಿದ್ದ ಪೆನ್ಸಿಲು
ಮನೆ ಬಿಚ್ಚಿ ಕಟ್ಟುವ ದಿನವೇ ಸಿಗುವುದು.

ಬ್ಯಾಂಬಾಜವ್ ಫೋನು:
‘ಸೊಯೊಲ್ಮಾ, ಹದಿನಾರನೆಯ ಆವೃತ್ತಿ ಮುಟ್ಟಬೇಡ,
ಅದಕ್ಕೆ ಮೇಲಿನವರ ಸಹಿ ಬಿದ್ದಿದೆ.
ಹದಿನೇಳು ತೆಗಿ.
ಅದರಲ್ಲಿ ಹದಿನೈದರ ಅಳತೆ, ಹದಿನಾರರ ಬಣ್ಣ.’
ಸರಿ ಎಂದೆ. ಹಾಲು-ಉಪ್ಪಿನ ಚಹಾ ಉಕ್ಕಿ
ಒಲೆಯ ಮೇಲೆ ಚುರ್ರೆಂದಿತು;
ಅವರು ‘ಏನದು?’ ಅಂದರು, ‘ಲೈನು ಸರಿಯಿಲ್ಲ’ ಅಂದೆ.

ಮಗ ಹೊದಿಕೆ ಸಮೇತ ಬಂದು ತೊಡೆಯೇರಿದ.
ಕೆಂಪು ಗೆರೆ?
ಬಿಸಿಯಾಗಿ ಹೋಗುವ ನೀರು.
ನೀಲಿ?
ಕೆಲಸ ಮುಗಿಸಿ, ತಣ್ಣಗಾಗಿ ವಾಪಸು ಬರುವ ನೀರು.
ನಿನ್ನ ಹಾಗೆ, ಎಂದ. ಕೆಮ್ಮಿದ.
ಇದರಲ್ಲಿ ನಮ್ಮ ಮನೆ ಎಲ್ಲಿ?

ಹಾಳೆ ಹದಿನಾಲ್ಕು.
ಕೆಂಪು, ನೀಲಿ ಜೊತೆಯಾಗಿ ಗುಡ್ಡ ಹತ್ತಿ
ದೊಲ್ಗೊರಳ ಬ್ರೆಡ್ಡಿನಂಗಡಿ ಎದುರು ನಿಲ್ಲುತ್ತವೆ.
ತುದಿಗೊಂದು ಮುಚ್ಚಳದ ಗುರುತು.
ಆಚೆಗೆ ಬೂದು ಬಣ್ಣ, ‘ಮುಂದಿನ ಹಂತ’ ಎಂಬ ಎರಡು ಪದ:
ಮೂರು ವರ್ಷದ ಹಿಂದೆ ನಾನೇ ಟೈಪಿಸಿದ್ದು,
ಆಗಿನ್ನೂ ನಾವು ಈ ಗುಡ್ಡಕ್ಕೆ ಬಂದಿರಲಿಲ್ಲ.

ಅವನು ನೋಡುತ್ತಿದ್ದ. ಮೌಸು ಒತ್ತಿ ಕೆಂಪನ್ನು ಎಳೆದೆ,
ಅಂಗಡಿ ದಾಟಿ, ಹೆಪ್ಪುಗಟ್ಟಿದ ಚರಂಡಿ ದಾಟಿ,
ನಾಯಿ ಕಟ್ಟಿದ ಹಲಗೆಬೇಲಿಯೊಳಗೆ,
ಒಲೆಯ ಕಾಲಿನವರೆಗೆ.
ಯಂತ್ರಕ್ಕೆ ಯಾರ ಮನೆಯಾದರೇನು,
ಲೆಕ್ಕ ಕೊಟ್ಟಿತು: ಇನ್ನೂರ ಹನ್ನೆರಡು ಮೀಟರು.
ಒತ್ತಡ ಸಾಲದು. ಪಂಪು ಬೇಕು. ಮೊತ್ತ ಇಷ್ಟು.
ಆ ಮೊತ್ತವನ್ನು ಮಗ ಒಂದೊಂದೇ ಅಂಕಿಯಾಗಿ ಓದಿದ,
ಓದಲು ಬರುವುದೆಂಬ ಹಿಗ್ಗಿನಲ್ಲಿ.

ಅಳಿಸಿದೆ. ಅವನ ಕಣ್ಣು ಮುಚ್ಚಿದ ಮೇಲೆ ಅಳಿಸಿದೆ.
ಗೆರೆ ಬ್ರೆಡ್ಡಿನಂಗಡಿಗೆ ಮರಳಿತು,
ಎಂದೂ ಆಚೆ ಕಾಲಿಡದವರ ಹಾಗೆ.
ಆದರೆ ಮುಚ್ಚಳದ ಗುರುತು ತೆಗೆದು
ಅಲ್ಲೊಂದು ವಾಲ್ವು ಕೂರಿಸಿದೆ.
ಮುಚ್ಚಳವನ್ನು ಕೊಯ್ಯಬೇಕು; ವಾಲ್ವನ್ನು ತಿರುಗಿಸಿದರಾಯಿತು.
ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಸ್ವಲ್ಪ ಇದೆ.
ಕಾರಣ ಬರೆಯುವ ಚೌಕದಲ್ಲಿ ಇಪ್ಪತ್ತು ಅಕ್ಷರಕ್ಕಷ್ಟೇ ಜಾಗ.

ಮಧ್ಯಾಹ್ನ ಬ್ಯಾಂಬಾಜವ್ ಮತ್ತೆ:
‘ಹದಿನಾಲ್ಕರಲ್ಲಿ ಮುಚ್ಚಳ ಇತ್ತಲ್ಲ?’
ಇತ್ತು, ಎಂದೆ.
ಅವರ ಕಡೆಯಿಂದ ಕಬ್ಬಿಣದ ಸಲಾಕೆಯಲ್ಲಿ
ಯಾರೋ ಬೂದಿ ಕೆದಕುವ ಸದ್ದು.
ನಾನು ಕೇಳಲಿಲ್ಲ.
‘ಲೈನು ಸರಿಯಿಲ್ಲ’ ಎಂದು ಅವರೇ ಅಂದರು.

ಸಿಗ್ನಲ್ಲು ಸಿಗುವುದು ಮಾಡಿನ ದುಂಡುಕಿಂಡಿಯ ಕೆಳಗೆ ಮಾತ್ರ.
ಸ್ಟೂಲು ಹತ್ತಿ, ಹಗ್ಗದ ಕುಣಿಕೆಗೆ ಫೋನು ತೂಗುಹಾಕಿ
ಹಾಳೆಗಳನ್ನು ಕಳಿಸುತ್ತಿದ್ದೇನೆ.
ನೂರಕ್ಕೆ ಅರವತ್ತಮೂರು.
ಪಕ್ಕದಲ್ಲೇ ಒಲೆಯ ಕೊಳವೆ ಕೆಂಪಗೆ ಕಾದು
ಅದೇ ಕಿಂಡಿಯಿಂದ ಹೊರಗೆ ಹೊಗೆ ಬಿಡುತ್ತಿದೆ.
ಅರವತ್ತನಾಲ್ಕು.
ನಾಳೆಯೂ ಶಾಲೆಯಿಲ್ಲವಂತೆ.